ಎಂಆರ್‌ಐ ನಾರ್ಮಲ್ ಅಂತೆ, ಆದರೆ ಮೆದುಳಿನ 'ಕನೆಕ್ಷನ್' ಸರಿಯಿಲ್ಲ ಅಂತಾರೆ. ಏನಿದು?

ದಾವಣಗೆರೆ_ಅಕ್ಕ | ಸೋಮವಾರ, ರಾತ್ರಿ 11:10

ಎಲ್ಲರಿಗೂ ನಮಸ್ಕಾರ. ಬಹಳ ದಿನದಿಂದ ಇಲ್ಲಿ ಓದುತ್ತಿದ್ದೇನೆ, ಬರೆಯುತ್ತಿರುವುದು ಇದೇ ಮೊದಲು. ಉದ್ದ ಆಗುತ್ತೆ, ಬೇಜಾರು ಮಾಡ್ಕೋಬೇಡಿ.

ನನ್ನ ತಮ್ಮನಿಗೆ 21 ವರ್ಷ. ಡಿಪ್ಲೊಮಾ ಕೊನೇ ವರ್ಷ. ಯುಗಾದಿ ಕಳೆದ ಮೇಲೆ ಹುಡುಗ ಬದಲಾದ. ಮೊದಲು ನಿದ್ದೆ ಹೋಯಿತು. ಆಮೇಲೆ ಕಿಟಕಿ ಮುಚ್ಚಿಕೊಂಡು ಕೂರತೊಡಗಿದ. ಕೇಳಿದರೆ ಪಕ್ಕದ ಮನೆಯ ಮೋಟಾರ್ ಅಂತಾನೆ. ಸಂಪಿನಿಂದ ನೀರೆತ್ತುವ ಮೋಟಾರ್. ಇವನು ರಾತ್ರಿ ಊಟಕ್ಕೆ ಕೂತ ಕೂಡಲೇ ಅವರು ಸ್ವಿಚ್ ಹಾಕುತ್ತಾರಂತೆ. 'ಇವನು ತಟ್ಟೆ ಮುಂದೆ ಕೂತ' ಅಂತ ಯಾರಿಗೋ ಕೊಡುವ ಸಿಗ್ನಲ್ ಅಂತೆ ಅದು.

ಒಂದು ನೋಟ್‌ಬುಕ್ ಇಟ್ಟಿದ್ದಾನೆ. ದಿನಾಂಕ, ಮೋಟಾರ್ ಶುರುವಾದ ಹೊತ್ತು, ನಿಂತ ಹೊತ್ತು, ಆಗ ತಟ್ಟೆಯಲ್ಲಿ ಏನಿತ್ತು. 'ರೊಟ್ಟಿ, ಹೆಸರುಕಾಳು ಪಲ್ಯ, 8:52.' ಹೀಗೆ 43 ಪುಟ. ಅಕ್ಷರ ಮುತ್ತಿನ ಹಾಗಿದೆ. ಪರೀಕ್ಷೆಯಲ್ಲೂ ಅವನು ಅಷ್ಟು ಚೆನ್ನಾಗಿ ಬರೆದವನಲ್ಲ. ಅದನ್ನು ನೋಡಿಯೇ ನನಗೆ ಜಾಸ್ತಿ ಅಳು ಬಂದದ್ದು.

ಮನೆಯಲ್ಲಿ ಗಾಳಿ ಸೋಕಿದೆ ಅಂದರು. ತಾಯತ ಕಟ್ಟಿಸಿದರು. ಎರಡು ತಿಂಗಳು ಹಾಗೇ ಹೋಯಿತು. ಆಮೇಲೆ ಒಬ್ಬ ಡಾಕ್ಟರ್ ಎಂಆರ್‌ಐ ಮಾಡಿಸಿದರು. ರಿಪೋರ್ಟ್ ನಾರ್ಮಲ್ ಬಂತು. ಅಷ್ಟೇ ಸಾಕಾಯ್ತು ನಮ್ಮಪ್ಪನಿಗೆ. 'ತಲೆಯಲ್ಲಿ ಏನೂ ಇಲ್ಲ ಅಂತ ಮೆಷಿನ್ನೇ ಹೇಳಿದೆ, ಇದೆಲ್ಲಾ ಕಾಲೇಜು ತಪ್ಪಿಸೋ ನಾಟಕ' ಅಂದರು.

ಈಗ ಬೆಂಗಳೂರಿನ ದೊಡ್ಡ ಆಸ್ಪತ್ರೆಯೊಂದರಲ್ಲಿ ತೋರಿಸುತ್ತಿದ್ದೇವೆ. ಸ್ಕಿಜೋಫ್ರೇನಿಯಾ, ಶುರುವಿನ ಹಂತ ಅಂದಿದ್ದಾರೆ. ಮಾತ್ರೆ ಶುರುವಾಗಿ ಮೂರು ವಾರ. ಅಲ್ಲಿ ಸಂಶೋಧನೆ ಮಾಡುವ ಹುಡುಗಿಯೊಬ್ಬಳು ಬಂದು, 'ಮೆದುಳಿನ ನೆಟ್‌ವರ್ಕ್‌ಗಳ ನಡುವಿನ ಸಂಪರ್ಕ ನೋಡುವ ಸ್ಟಡಿ ಇದೆ, ಇನ್ನೊಂದು ಸ್ಕ್ಯಾನ್‌ಗೆ ಒಪ್ತೀರಾ' ಅಂತ ಕೇಳಿದಳು. ಮೊದಲ ಸ್ಕ್ಯಾನ್ ನಾರ್ಮಲ್ ಆದರೆ ಈ ಸಂಪರ್ಕ ಎಲ್ಲಿಂದ ಕೆಟ್ಟಿತು? ಕೆಟ್ಟಿದ್ದು ಕಂಡರೆ ಜೋಡಿಸೋಕೆ ಆಗುತ್ತಾ? ಮೋಟಾರ್‌ಗೇ ಹೆದರುವ ಹುಡುಗನನ್ನು ಅಂಥ ಮೆಷಿನ್ ಒಳಗೆ ಹೇಗೆ ಮಲಗಿಸಲಿ?

ಸ್ಕ್ಯಾನ್_ರೂಮಿನವ | ಸೋಮವಾರ, ರಾತ್ರಿ 11:48

ಅಕ್ಕ, ನಾನು 11 ವರ್ಷದಿಂದ ಎಂಆರ್‌ಐ ಟೆಕ್ನಿಷಿಯನ್. ಮೊದಲು ನಿಮ್ಮಪ್ಪನ ಮಾತಿಗೆ ಉತ್ತರ. ಡಾಕ್ಟರ್ ಬರೆದುಕೊಡುವ ಮಾಮೂಲಿ ಎಂಆರ್‌ಐನಲ್ಲಿ ಹುಡುಕುವುದು ಗೆಡ್ಡೆ, ರಕ್ತಸ್ರಾವ, ಹಳೇ ಪೆಟ್ಟು, ಸೋಂಕು, ಇಂಥವನ್ನು. ನಾರ್ಮಲ್ ಅಂದರೆ ಇವು ಯಾವುವೂ ಇಲ್ಲ ಅಂತ. ಕಾಯಿಲೆಯೇ ಇಲ್ಲ ಅಂತ ಅಲ್ಲ. ಊರಿನ ಮ್ಯಾಪಿನಲ್ಲಿ ರಸ್ತೆ ಕಾಣುತ್ತೆ, ಸಂತೆ ದಿನದ ನೂಕುನುಗ್ಗಲು ಕಾಣಲ್ಲ. ಸ್ಕಿಜೋಫ್ರೇನಿಯಾ ಇರುವವರ ಎಂಆರ್‌ಐ ಮುಕ್ಕಾಲುಪಾಲು ನಾರ್ಮಲ್ ಅಂತಲೇ ಬರುತ್ತೆ. ಇದನ್ನು ಬೇಕಾದರೆ ಅಪ್ಪನಿಗೆ ಹಾಗೇ ಓದಿ ಹೇಳಿ.

ಎರಡನೆಯದು ಫಂಕ್ಷನಲ್ ಎಂಆರ್‌ಐ. ಮೆಷಿನ್ ಅದೇ, ಕೆಲಸ ಬೇರೆ. ಸುಮಾರು ಎರಡು ಸೆಕೆಂಡಿಗೊಂದರಂತೆ ಇಡೀ ಮೆದುಳಿನ ಚಿತ್ರ ತೆಗೆಯುತ್ತಾ ಹೋಗುತ್ತೇವೆ. ಮೆದುಳಿನ ಯಾವ ಭಾಗ ಕೆಲಸ ಮಾಡುತ್ತೋ ಅಲ್ಲಿಗೆ ಆಮ್ಲಜನಕ ತುಂಬಿದ ರಕ್ತ ಜಾಸ್ತಿ ಹರಿಯುತ್ತೆ. ಆ ಏರಿಳಿತವೇ ಚಿತ್ರದಲ್ಲಿ ಸಿಗುವುದು. ಅದೂ ನಿಧಾನ. ಯೋಚನೆ ಬಂದು ಐದಾರು ಸೆಕೆಂಡ್ ಆದ ಮೇಲೆ ರಕ್ತದ ಏರಿಕೆ ತುದಿ ಮುಟ್ಟುತ್ತೆ. ಯಾರ ಮನಸ್ಸಿನಲ್ಲಿ ಏನಿದೆ ಅಂತ ಓದುವ ಯಂತ್ರ ಅಲ್ಲ.

ತಮ್ಮನಿಗೆ ಮೊದಲೇ ಹೇಳಿಡಿ: ಹಿಟ್ಟಿನ ಗಿರಣಿ ಪಕ್ಕ ಮಲಗಿದ ಹಾಗೆ ಸದ್ದು ಇರುತ್ತೆ, ಕಿವಿಗೆ ಮುಚ್ಚಳ ಕೊಡ್ತೀವಿ, ಕೈಯಲ್ಲೊಂದು ರಬ್ಬರ್ ಬುರುಡೆ ಇರುತ್ತೆ, ಅಮುಕಿದರೆ ತಕ್ಷಣ ಹೊರಗೆ ಎಳೀತೀವಿ. ಮತ್ತೆ ಆ ತಾಯತ, ಬೆಳ್ಳಿ ಉಡಿದಾರ ಎರಡನ್ನೂ ಮನೆಯಲ್ಲೇ ಬಿಚ್ಚಿಸಿ. ಆಸ್ಪತ್ರೆಯಲ್ಲಿ ಬಿಚ್ಚಿಸಲು ಹೋದರೆ ಹೆದರಿದ ಹುಡುಗರು ಇನ್ನೂ ಹೆದರುತ್ತಾರೆ. ತಾಯತ ಬಿಚ್ಚಬಾರದು ಅಂತ ಅಜ್ಜಿಯೊಬ್ಬರು ಮೆಷಿನ್ ಬಾಗಿಲಲ್ಲೇ ಅರ್ಧ ಗಂಟೆ ಜಗಳ ಆಡಿದ್ದು ನೋಡಿದ್ದೇನೆ. ಕೊನೆಗೆ ಸ್ಕ್ಯಾನ್ ಮುಗಿಯೋವರೆಗೂ ಅಜ್ಜಿಯೇ ಅದನ್ನು ಮುಷ್ಟಿಯಲ್ಲಿ ಹಿಡಿದು ಹೊರಗೆ ನಿಂತಿದ್ದರು.

ಮೂರನೇ_ವರ್ಷದ_ಪಿಎಚ್‌ಡಿ | ಮಂಗಳವಾರ, ಬೆಳಿಗ್ಗೆ 7:05

ನನ್ನ ಕೆಲಸ ಇದೇ ವಿಷಯದ್ದು. ಚಹಾ ಕುಡೀತಾ ಬರೆಯುತ್ತಿದ್ದೇನೆ, ಉದ್ದ ಆದರೆ ಕ್ಷಮಿಸಿ.

'ಸಂಪರ್ಕ' ಅಂದ ಕೂಡಲೇ ಎಲ್ಲರೂ ವೈರ್ ಅಂದುಕೊಳ್ಳುತ್ತಾರೆ. ಈ ಸ್ಟಡಿಯಲ್ಲಿ ನೋಡುವುದು ವೈರ್ ಅಲ್ಲ. ಹಳ್ಳಿ ಕಡೆ ತ್ರೀ ಫೇಸ್ ಕರೆಂಟ್ ಬರುವುದು ಗೊತ್ತಲ್ಲ. ಒಂದು ಹೊಲದ ಪಂಪ್‌ಸೆಟ್ ಶುರುವಾದ ಗಳಿಗೆಯಲ್ಲೇ ಎರಡು ಮೈಲಿ ಆಚೆ ಇನ್ನೊಂದು ಶುರುವಾದರೆ, ಎರಡೂ ಒಂದೇ ಫೀಡರ್ ಮೇಲಿವೆ ಅಂತ ಊಹಿಸ್ತೀವಿ. ಲೈನ್ ಹಿಡಿದು ನಡೆದು ನೋಡಬೇಕಿಲ್ಲ. ಮೆದುಳಿನಲ್ಲೂ ಹೀಗೇ: ದೂರದ ಎರಡು ಭಾಗಗಳ ರಕ್ತದ ಏರಿಳಿತ ಒಟ್ಟೊಟ್ಟಿಗೆ ಸಾಗಿದರೆ ಅವು ಒಂದು ನೆಟ್‌ವರ್ಕ್ ಅಂತ ಎಣಿಸುತ್ತಾರೆ. 1995ರಲ್ಲಿ ಅಮೆರಿಕದ ವಿಸ್ಕಾನ್ಸಿನ್‌ನಲ್ಲಿ ಓದುತ್ತಿದ್ದ ಭರತ್ ಬಿಸ್ವಾಲ್ ಇದನ್ನು ಮೊದಲು ತೋರಿಸಿದರು. ಸುಮ್ನೆ ಮಲಗಿದ್ದವರಲ್ಲೂ ಎಡಗೈ, ಬಲಗೈ ನಡೆಸುವ ಮೆದುಳಿನ ಭಾಗಗಳು ಜೊತೆಜೊತೆಗೇ ಏರಿಳಿಯುತ್ತಿದ್ದವು. ಅಲ್ಲಿಯವರೆಗೆ ಅದನ್ನು ಎಲ್ಲರೂ ಕಸ ಅಂತ ಸೋಸಿ ಎಸೆಯುತ್ತಿದ್ದರು.

ನಿಮ್ಮ ತಮ್ಮನ ವಿಷಯಕ್ಕೆ ಮೂರು ನೆಟ್‌ವರ್ಕ್ ಮುಖ್ಯ. ಒಂದು, ನಾವು ಸುಮ್ನೆ ಕೂತು ನಮ್ಮ ಬಗ್ಗೆ, ಹಳೆಯದರ ಬಗ್ಗೆ ಯೋಚಿಸುವಾಗ ಚುರುಕಾಗುವುದು. ಡೀಫಾಲ್ಟ್ ಮೋಡ್ ಅಂತ 2001ರಲ್ಲಿ ಮಾರ್ಕಸ್ ರೈಕ್ಲ್ ತಂಡ ಹೆಸರಿಟ್ಟಿತು. ಇನ್ನೊಂದು, ಲೆಕ್ಕ ಮಾಡುವಾಗ, ಗಮನ ಇಟ್ಟು ಕೆಲಸ ಮಾಡುವಾಗ ಏಳುವುದು. ಮೂರನೆಯದು ಸೇಲಿಯನ್ಸ್ ನೆಟ್‌ವರ್ಕ್. ಹಣೆಯ ಪಕ್ಕ, ಮಡಿಕೆಯೊಳಗೆ ಅಡಗಿರುವ ಇನ್ಸುಲಾ, ಮಧ್ಯದಲ್ಲಿರುವ ಸಿಂಗ್ಯುಲೇಟ್, ಇವೇ ಅದರ ಗಂಟುಗಳು. 'ಇದು ಗಮನಿಸಬೇಕಾದ್ದು, ಇದು ಬಿಡಬೇಕಾದ್ದು' ಅಂತ ಹೇಳುವುದು ಅದರ ಕೆಲಸ. ಅದು ಹೇಳಿದ ಮೇಲೆ ಮಿಕ್ಕ ಎರಡರಲ್ಲಿ ಒಂದು ತಗ್ಗಿ ಇನ್ನೊಂದು ಏಳಬೇಕು. 2011ರಲ್ಲಿ ಸ್ಟ್ಯಾನ್‌ಫರ್ಡ್‌ನ ವಿನೋದ್ ಮೆನನ್ ಈ ಮೂರನ್ನೂ ಸೇರಿಸಿ ಒಂದು ಮಾದರಿ ಕೊಟ್ಟರು. ಸ್ಕಿಜೋಫ್ರೇನಿಯಾದಲ್ಲಿ ಈ ಮೂರನೆಯದೇ ಎಡವುತ್ತಿದೆ ಅನ್ನುವುದು ವಾದ.

ಅದಕ್ಕೂ ಮೊದಲು, 2003ರಲ್ಲಿ, ಶಿತಿಜ್ ಕಪೂರ್ ಅನ್ನುವ ಮನೋವೈದ್ಯರು ಡೋಪಮಿನ್ (ಮೆದುಳಿನ ಕೋಶಗಳ ನಡುವೆ ಸಂದೇಶ ಒಯ್ಯುವ ರಾಸಾಯನಿಕ) ಕಡೆಯಿಂದ ಇದೇ ಜಾಗಕ್ಕೆ ಬಂದಿದ್ದರು. ಡೋಪಮಿನ್ ಹೊತ್ತಲ್ಲದ ಹೊತ್ತಿನಲ್ಲಿ ಚಿಮ್ಮಿದರೆ ಏನೂ ಅಲ್ಲದ ವಸ್ತುವಿಗೂ ಮಹತ್ವದ ಮುದ್ರೆ ಬೀಳುತ್ತೆ. ಮನುಷ್ಯ ಆ ಮುದ್ರೆಗೊಂದು ಕಾರಣ ಹುಡುಕುತ್ತಾನೆ. ಹುಡುಕಿ ಕಟ್ಟಿಕೊಂಡ ಕಥೆಯೇ ಡೆಲ್ಯೂಷನ್. ಪಕ್ಕದ ಮನೆ ಮೋಟಾರ್ ನಮಗೆ ಕೇಳಿಸೋದೇ ಇಲ್ಲ, ಅಲ್ವಾ? ಅವನಿಗೆ ಅದು ಹೆಸರು ಹಿಡಿದು ಕರೆದ ಹಾಗೆ ಕೇಳಿಸುತ್ತೆ.

ಚೌಕಿಮನೆ | ಮಂಗಳವಾರ, ಬೆಳಿಗ್ಗೆ 8:30

ನಮ್ಮ ಕರಾವಳಿಯವರಿಗೆ ಹೇಳುವುದಾದರೆ: ಬಯಲಾಟದಲ್ಲಿ ಬೆಳಗಿನ ಜಾವ ಅರ್ಧ ಜನ ತೂಕಡಿಸುತ್ತಿರುತ್ತಾರೆ. ಬಣ್ಣದ ವೇಷ ಬರುವಾಗ ಚಂಡೆಗೆ ಪೆಟ್ಟು ಬೀಳುತ್ತೆ, ಎಲ್ಲರೂ ಎದ್ದು ಕೂರುತ್ತಾರೆ. ಆ ಚಂಡೆಯವನು ತಲೆ ಕೆಟ್ಟು ಪ್ರತಿ ಸೊಳ್ಳೆ ಹಾರಿದಾಗಲೂ ಬಾರಿಸಿದರೆ? ಸಭೆ ಹುಚ್ಚಾಗುತ್ತೆ. ಸೊಳ್ಳೆಯಲ್ಲೇ ರಾಕ್ಷಸನನ್ನು ಹುಡುಕುತ್ತೆ.

ಸುಮ್ನೆ_ಓದುಗ | ಮಂಗಳವಾರ, ಮಧ್ಯಾಹ್ನ 1:15

ಉಪಮೆ ಎಲ್ಲಾ ಚೆನ್ನಾಗಿದೆ. ಆದರೆ ನನ್ನ ಅನುಭವ ಕೇಳಿ. ನನ್ನ ಹೆಂಡತಿಯ ತಂಗಿಗೆ ಹೀಗೇ ಆದಾಗ ಒಂದು ಖಾಸಗಿ ಸೆಂಟರ್‌ನವರು 'ಬ್ರೈನ್ ಕನೆಕ್ಟಿವಿಟಿ ರಿಪೋರ್ಟ್' ಕೊಡ್ತೀವಿ ಅಂದರು. ₹18,000 ಕಟ್ಟಿದೆವು. ಕೆಂಪು, ನೀಲಿ, ಹಳದಿ ಬಣ್ಣದ ಮೆದುಳಿನ ಚಿತ್ರಗಳು, ದಪ್ಪ ಪೇಪರ್, ಸ್ಪೈರಲ್ ಬೈಂಡಿಂಗ್. ಅದನ್ನು ಡಾಕ್ಟರ್ ಮುಂದಿಟ್ಟರೆ ತೆರೆದೂ ನೋಡಲಿಲ್ಲ. 'ಇದರಿಂದ ನಾನು ಒಂದು ಮಾತ್ರೆಯನ್ನೂ ಬದಲಾಯಿಸಲ್ಲ' ಅಂದುಬಿಟ್ಟರು. ಆ ಬುಕ್ಕು ಈಗಲೂ ಬೀರುವಿನಲ್ಲಿದೆ. ಹಾಗಾಗಿ ಈ ನೆಟ್‌ವರ್ಕ್ ಮಾತು ಬಂದರೆ ನನಗೆ ಮೈ ಉರಿಯುತ್ತೆ.

ಇನ್ನೊಂದು. ಸತ್ತ ಮೀನಿನ ಮೆದುಳೂ ಕೆಲಸ ಮಾಡುತ್ತೆ ಅಂತ ಇದೇ ಸ್ಕ್ಯಾನ್ ತೋರಿಸಿದ್ದು ಸುಳ್ಳಾ?

ಮೂರನೇ_ವರ್ಷದ_ಪಿಎಚ್‌ಡಿ | ಮಂಗಳವಾರ, ಮಧ್ಯಾಹ್ನ 2:40

ಮೀನಿನ ಕಥೆ ನಿಜ. 2009ರಲ್ಲಿ ಕ್ರೇಗ್ ಬೆನೆಟ್ ಮತ್ತು ಸಂಗಡಿಗರು ಮಾರುಕಟ್ಟೆಯ ಸತ್ತ ಸಾಲ್ಮನ್ ಮೀನನ್ನು ಸ್ಕ್ಯಾನರ್‌ನಲ್ಲಿಟ್ಟು, ಅದಕ್ಕೆ ಮನುಷ್ಯರ ಫೋಟೋ ತೋರಿಸಿದರು. ಕೆಲವು ಚುಕ್ಕೆಗಳು ಹೊತ್ತಿಕೊಂಡವು. ಸಾವಿರಾರು ಚುಕ್ಕೆಗಳನ್ನು ಒಂದೊಂದಾಗಿ ಪರೀಕ್ಷಿಸಿ, ಅದಕ್ಕೆ ತಕ್ಕ ತಿದ್ದುಪಡಿ ಮಾಡದಿದ್ದರೆ ಕೆಲವು ಸುಮ್ನೆ ಅದೃಷ್ಟಕ್ಕೆ ಹೊತ್ತಿಕೊಳ್ಳುತ್ತವೆ ಅಂತ ತೋರಿಸಲೆಂದೇ ಅವರು ಹಾಗೆ ಮಾಡಿದ್ದು. 2012ರಲ್ಲಿ ಇಗ್ ನೊಬೆಲ್ ಬಹುಮಾನವೂ ಬಂತು, ಮೊದಲು ನಗಿಸಿ ಆಮೇಲೆ ಯೋಚಿಸುವಂತೆ ಮಾಡುವ ಸಂಶೋಧನೆಗೆ ಕೊಡುವ ತಮಾಷೆಯ ಬಹುಮಾನ ಅದು. ಆ ಮೀನಿನ ಪ್ರಯೋಗ ನಮ್ಮವರೇ ನಮ್ಮ ಕಿವಿ ಹಿಂಡಿದ್ದು.

ನಿಮ್ಮ ₹18,000ದ ಬಗ್ಗೆ ನಿಮ್ಮ ಡಾಕ್ಟರ್ ಸರಿ. ಇವತ್ತಿಗೆ ಒಬ್ಬ ವ್ಯಕ್ತಿಯ ಕನೆಕ್ಟಿವಿಟಿ ಸ್ಕ್ಯಾನ್ ನೋಡಿ 'ಇವನಿಗೆ ಸ್ಕಿಜೋಫ್ರೇನಿಯಾ' ಅಂತ ಹೇಳುವ ಪರೀಕ್ಷೆ ಇಲ್ಲ. ಮಾತಾಡಿಸಿ, ಮನೆಯವರನ್ನು ಕೇಳಿ, ಕಾದು ನೋಡಿಯೇ ಗುರುತಿಸುವುದು. ಸ್ಟಡಿಗಳು ಹೇಳುವುದೆಲ್ಲಾ ಗುಂಪಿನ ಮಾತು.

ತುಂಗಾ_ತೀರ | ಮಂಗಳವಾರ, ಸಂಜೆ 6:20

ಗುಂಪಿನ ಮಾತು ಅಂದರೆ ಅಡಿಕೆ ಲೆಕ್ಕ. ಎರಡು ತೋಟದ ರಾಶಿ ತೂಗಿದರೆ ಈ ತೋಟದ ಕಾಯಿ ಸರಾಸರಿ ದಪ್ಪ ಅಂತ ಧೈರ್ಯವಾಗಿ ಹೇಳ್ತೀನಿ. ಒಂದೇ ಒಂದು ಕಾಯಿ ಕೈಗೆ ಕೊಟ್ಟು ಯಾವ ತೋಟದ್ದು ಹೇಳು ಅಂದರೆ ಬ್ರಹ್ಮನಿಗೂ ಆಗಲ್ಲ.

ನಾನು ತೀರ್ಥಹಳ್ಳಿ ಕಡೆಯವನು. ನಮ್ಮ ತಾಲ್ಲೂಕಿನಲ್ಲಿ ನಿಮ್ಹಾನ್ಸ್‌ನವರು ಬಹಳ ವರ್ಷದಿಂದ ಈ ಕಾಯಿಲೆಯವರನ್ನು ಹುಡುಕಿ, ಚಿಕಿತ್ಸೆ ಕೊಟ್ಟು, ಹೇಗಿದ್ದಾರೆ ಅಂತ ನೋಡುತ್ತಾ ಬಂದಿದ್ದಾರೆ. ಚಿಕಿತ್ಸೆಯಲ್ಲಿ ಉಳಿದವರು, ಚಿಕಿತ್ಸೆ ಇಲ್ಲದವರಿಗಿಂತ ದಿನದ ಬದುಕಿನಲ್ಲಿ ಚೇತರಿಸಿಕೊಂಡರು ಅಂತ ಅವರ ವರದಿಗಳು ಹೇಳುತ್ತವೆ. ನಮ್ಮ ದೊಡ್ಡಮ್ಮನನ್ನು ನೋಡಿದವನಿಗೆ ವರದಿ ಬೇಕಿಲ್ಲ. ಎಷ್ಟೋ ವರ್ಷ ಅಟ್ಟದ ಕೋಣೆಯಲ್ಲಿದ್ದವರು ಈಗ ಅಡಿಕೆ ಸುಲಿಯಲು ಎಲ್ಲರ ಜೊತೆ ಕೂರುತ್ತಾರೆ. ಮಾತು ಕಡಿಮೆ, ಕೈ ಚುರುಕು.

ಅಕ್ಕ, ಒಂದು ಸಣ್ಣ ಪ್ರಶ್ನೆ. ನಿಮ್ಮ ಬೀದಿಗೆ ನಲ್ಲಿ ನೀರು ಎಷ್ಟು ಹೊತ್ತಿಗೆ ಬಿಡುತ್ತಾರೆ?

ದಾವಣಗೆರೆ_ಅಕ್ಕ | ಮಂಗಳವಾರ, ರಾತ್ರಿ 10:02

ರಾತ್ರಿ ಎಂಟರ ಮೇಲೆ. ಯಾಕೆ?

ದಾವಣಗೆರೆ_ಅಕ್ಕ | ಮಂಗಳವಾರ, ರಾತ್ರಿ 10:15

ಅಯ್ಯೋ. ಈಗ ಹೊಳೀತು. ನೀರು ಬಂದಾಗ ಅಮ್ಮ ಡ್ರಮ್ಮು, ಕೊಡ ಎಲ್ಲಾ ತುಂಬಿಸಿ ಆಮೇಲೆ ಎಲ್ಲರಿಗೂ ಊಟ ಬಡಿಸುತ್ತಾರೆ. ಪಕ್ಕದ ಮನೆಯವರೂ ಸಂಪ್ ತುಂಬಿದ ಮೇಲೆ ಮೋಟಾರ್ ಹಾಕಿ ಮೇಲಿನ ಟ್ಯಾಂಕಿಗೆ ಎತ್ತುತ್ತಾರೆ. ಅಂದರೆ ಅವನು ಬರೆದಿಟ್ಟಿದ್ದರಲ್ಲಿ ಒಂದು ಹೊತ್ತೂ ಸುಳ್ಳಲ್ಲ. ನಾವು 'ನಿಂಗೆ ಭ್ರಮೆ, ಹಾಗೆಲ್ಲಾ ಆಗಲ್ಲ' ಅಂತ ಮೂರು ತಿಂಗಳು ಬೈದಿದ್ದೇವೆ. ಆಗುತ್ತಿತ್ತು.

ಮೂರನೇ_ವರ್ಷದ_ಪಿಎಚ್‌ಡಿ | ಮಂಗಳವಾರ, ರಾತ್ರಿ 10:40

ಇದನ್ನು ಓದಿ ಎದ್ದು ಓಡಾಡಿಬಿಟ್ಟೆ. ಊಟ ಮತ್ತು ಮೋಟಾರ್ ಒಟ್ಟಿಗೆ ಬರುತ್ತಿದ್ದದ್ದು ನಿಜ. ಎರಡಕ್ಕೂ ಹಿಂದೆ ಮೂರನೆಯದೊಂದಿತ್ತು, ನೀರು. ಅದನ್ನು ಅವನು ಬಿಟ್ಟುಬಿಟ್ಟ.

ನಮ್ಮ ಫೀಲ್ಡ್ ಕೂಡ ಇದೇ ಗುಂಡಿಗೆ ಬಿದ್ದಿತ್ತು! 2012ರಲ್ಲಿ ಬೇರೆ ಬೇರೆ ತಂಡಗಳು ತೋರಿಸಿದ್ದು ಇದು: ಸ್ಕ್ಯಾನ್ ಹೊತ್ತಿನಲ್ಲಿ ತಲೆ ಒಂದಿಷ್ಟೇ, ಮಿಲಿಮೀಟರ್‌ಗಿಂತ ಕಡಿಮೆ, ಅಲುಗಿದರೂ ಹತ್ತಿರದ ಭಾಗಗಳ ನಡುವೆ ಸಂಪರ್ಕ ಜಾಸ್ತಿ ಇದ್ದಂತೆ, ದೂರದವುಗಳ ನಡುವೆ ಕಡಿಮೆ ಇದ್ದಂತೆ ಕಾಣುತ್ತೆ. ಮಕ್ಕಳು, ವಯಸ್ಸಾದವರು, ಕಾಯಿಲೆಯವರು ಸಹಜವಾಗಿ ಜಾಸ್ತಿ ಅಲುಗುತ್ತಾರೆ. ಹಾಗಾದರೆ 'ರೋಗಿಗಳಲ್ಲಿ ದೂರದ ಸಂಪರ್ಕ ಸಡಿಲ' ಅಂತ ಬರೆದ ಎಷ್ಟು ಪೇಪರ್‌ಗಳು ಬರೀ ಅಲುಗಾಟವನ್ನು ಅಳೆದಿದ್ದವು? ಹಳೇ ಪೇಪರ್ ಓದುವಾಗ ನಾನು ಮೊದಲು ನೋಡುವುದೇ ಅಲುಗಾಟವನ್ನು ಹೇಗೆ ಸೋಸಿದ್ದಾರೆ ಅಂತ. ಉಸಿರಾಟದ್ದೂ ಇದೇ ಕಥೆ.

ಸ್ಕ್ಯಾನ್_ರೂಮಿನವ | ಬುಧವಾರ, ಬೆಳಿಗ್ಗೆ 6:50

ಅದಕ್ಕೇ ನಾವು ಕಿವಿಯ ಎರಡೂ ಪಕ್ಕ ಸ್ಪಂಜು ತುರುಕಿ, ಕಣ್ಣೆದುರಿಗೊಂದು ಕೂಡಿಸುವ ಗುರುತು ಇಟ್ಟು, 'ಅದನ್ನೇ ನೋಡ್ತಿರಿ, ನಿದ್ದೆ ಮಾಡಬೇಡಿ, ಎಂಜಲು ನುಂಗುವಾಗಲೂ ಮೆಲ್ಲಗೆ' ಅನ್ನುವುದು. ಆರರಿಂದ ಹತ್ತು ನಿಮಿಷ ಅಷ್ಟೇ. ಆದರೆ ಆ ಹತ್ತು ನಿಮಿಷ ಕೊಡುವವರು ದೊಡ್ಡ ಮನಸ್ಸಿನವರು.

ಸುಮ್ನೆ_ಓದುಗ | ಬುಧವಾರ, ಬೆಳಿಗ್ಗೆ 9:10

ಸರಿ ಸ್ವಾಮಿ. ಅಲುಗಾಟ ಸೋಸಿದ ಮೇಲೆ ಏನಾದರೂ ಉಳೀತಾ?

ಮೂರನೇ_ವರ್ಷದ_ಪಿಎಚ್‌ಡಿ | ಬುಧವಾರ, ಬೆಳಿಗ್ಗೆ 11:25

ಉಳಿದಿದೆ. ತುಂಬಾ ಸಲ ಮರುಕಳಿಸಿದ ಒಂದು ಸಂಗತಿ ಥಲಾಮಸ್‌ದು. ಕಣ್ಣು, ಕಿವಿ, ಚರ್ಮದಿಂದ ಬರುವುದನ್ನೆಲ್ಲಾ ಮೆದುಳಿನ ಮೇಲ್ಪದರಕ್ಕೆ ಹಂಚುವ ಜಂಕ್ಷನ್ ಅದು. ಅದಕ್ಕೂ ಹಣೆಯ ಹಿಂದಿನ ಭಾಗಕ್ಕೂ ನಡುವೆ ಹೊಂದಿಕೆ ಕಡಿಮೆ, ಅದಕ್ಕೂ ಸ್ಪರ್ಶ, ಚಲನೆಯ ಭಾಗಗಳಿಗೂ ನಡುವೆ ಜಾಸ್ತಿ. ಕಾಯಿಲೆ ಶುರುವಾದವರಲ್ಲಿ ಇದು ಕಂಡಿದೆ. ಇನ್ನೂ ಶುರುವಾಗದ, ಆದರೆ ಸೂಚನೆ ಇರುವ ಹುಡುಗರಲ್ಲೂ ಕಂಡಿದೆ. ಹಾಗಾಗಿ 'ಕನೆಕ್ಷನ್ ಕಟ್ಟಾಗಿದೆ' ಅನ್ನುವುದು ತಪ್ಪು ಮಾತು. ಒಂದು ಕಡೆ ಸಡಿಲ, ಇನ್ನೊಂದು ಕಡೆ ಬಿಗಿ.

ಇನ್ನೊಂದು ನನಗೆ ಇಷ್ಟವಾದದ್ದು. 22ನೇ ಕ್ರೋಮೋಸೋಮ್‌ನಲ್ಲಿ ಒಂದು ಚೂರು ಹುಟ್ಟಿನಿಂದಲೇ ಇಲ್ಲದವರಿದ್ದಾರೆ. ಅಂಥವರಲ್ಲಿ ಸುಮಾರು ನಾಲ್ಕರಲ್ಲಿ ಒಬ್ಬರಿಗೆ ಮುಂದೆ ಸೈಕೋಸಿಸ್ (ನಿಜ ಯಾವುದು, ಭ್ರಮೆ ಯಾವುದು ಅಂತ ತಿಳಿಯದಾಗುವ ಸ್ಥಿತಿ) ಬರುತ್ತೆ. 2024ರಲ್ಲಿ ಸ್ಟ್ಯಾನ್‌ಫರ್ಡ್‌ನ ಮೆನನ್ ತಂಡವೇ ಇವರ ಸ್ಕ್ಯಾನ್‌ಗಳನ್ನೂ, ಆ ಚೂರು ಇದ್ದೂ ಸೈಕೋಸಿಸ್ ಬಂದವರ ಸ್ಕ್ಯಾನ್‌ಗಳನ್ನೂ ಹೋಲಿಸಿತು. ಎರಡೂ ಕಡೆ ಎದ್ದು ಕಂಡದ್ದು ಅದೇ ಇನ್ಸುಲಾ, ಮತ್ತು ಡೋಪಮಿನ್ ಬಂದು ಇಳಿಯುವ ವೆಂಟ್ರಲ್ ಸ್ಟ್ರಯೇಟಮ್. ಕಾರಣ ಬೇರೆ ಬೇರೆ, ಎಡವುವ ಜಾಗ ಒಂದೇ.

ಜೋಡಿಸಬಹುದಾ ಅಂತ ಅಕ್ಕ ಕೇಳಿದ್ದರು. 2015ರಲ್ಲಿ ನ್ಯೂಯಾರ್ಕ್‌ನ ಒಂದು ತಂಡ, ಮೊದಲ ಸಲ ಸೈಕೋಸಿಸ್ ಬಂದವರನ್ನು ಮಾತ್ರೆ ಶುರುವಿನಲ್ಲೊಮ್ಮೆ, 12 ವಾರದ ಮೇಲೊಮ್ಮೆ ಸ್ಕ್ಯಾನ್ ಮಾಡಿತು. ಲಕ್ಷಣ ಇಳಿದವರಲ್ಲಿ ಸ್ಟ್ರಯೇಟಮ್‌ಗೂ ಸಿಂಗ್ಯುಲೇಟ್, ಇನ್ಸುಲಾ, ಹಣೆಯ ಭಾಗಗಳಿಗೂ ಹೊಂದಿಕೆ ಹೆಚ್ಚಿತ್ತು. ಅಂದರೆ ಇದು ಕಲ್ಲಿನಲ್ಲಿ ಕೊರೆದದ್ದಲ್ಲ, ಬದಲಾಗುತ್ತೆ.

ಚೌಕಿಮನೆ | ಬುಧವಾರ, ಮಧ್ಯಾಹ್ನ 12:05

ಒಂದು ತಕರಾರು, ಭಾಷೆಯದು. ಕನ್ನಡದಲ್ಲಿ ಇದಕ್ಕೆ 'ಛಿದ್ರಮನಸ್ಕತೆ' ಅಂತ ಬರೆಯುತ್ತಾರೆ. 1908ರಲ್ಲಿ ಸ್ವಿಟ್ಜರ್ಲೆಂಡ್‌ನ ಮನೋವೈದ್ಯ ಬ್ಲಾಯ್ಲರ್ ಗ್ರೀಕಿನಿಂದ ಕಟ್ಟಿದ ಪದದ ನೇರ ಅನುವಾದ. ಜನ ಅದನ್ನು ಕೇಳಿ ಒಬ್ಬನೊಳಗೆ ಇಬ್ಬರು ಅಂತ ತಿಳಿಯುತ್ತಾರೆ, ಸಿನಿಮಾದ ಹಾಗೆ. ಜಪಾನಿನಲ್ಲೂ ಹೀಗೇ 'ಮನಸ್ಸು ಒಡೆದ ಕಾಯಿಲೆ' ಅಂತಿತ್ತು. 2002ರಲ್ಲಿ ಬದಲಾಯಿಸಿದರು. ಅದಾಗಿ ಹತ್ತು ವರ್ಷದ ಹೊತ್ತಿಗೆ ದಕ್ಷಿಣ ಕೊರಿಯಾದವರೂ ಬದಲಾಯಿಸಿದರು. ಅವರ ಹೊಸ ಹೆಸರು ತಂತಿ ವಾದ್ಯವನ್ನು ಶ್ರುತಿ ಮಾಡುವುದಕ್ಕೆ ಬಳಸುವ ಮಾತಿನಿಂದ ಬಂದದ್ದು. ಶ್ರುತಿ ಕೂಡದ ಕಾಯಿಲೆ. ಮೇಲೆ ಪಿಎಚ್‌ಡಿಯವರು ಹೇಳಿದ 'ಒಂದು ಕಡೆ ಸಡಿಲ, ಒಂದು ಕಡೆ ಬಿಗಿ' ಅನ್ನುವುದಕ್ಕೆ ಇದಕ್ಕಿಂತ ಹತ್ತಿರದ ಹೆಸರು ಸಿಗಲಿಕ್ಕಿಲ್ಲ.

ಆರು_ವರ್ಷ_ಆಯ್ತು | ಬುಧವಾರ, ರಾತ್ರಿ 9:33

ಬರೆಯೋದೋ ಬೇಡವೋ ಅಂತ ಎರಡು ದಿನ ಯೋಚಿಸಿದೆ. ನನಗೇ ಇದು ಆಗಿತ್ತು. ಆಗ ನನಗೆ 24.

ನಿಮ್ಮ ತಮ್ಮನಿಗೆ ಮೋಟಾರ್, ನನಗೆ ಗಾಡಿ ನಂಬರ್. ಹುಬ್ಬಳ್ಳಿಯಲ್ಲಿ ರೂಮ್ ಮಾಡಿಕೊಂಡಿದ್ದೆ. ಆದರೆ ನಂಬರ್‌ಗಳ ಕಥೆ ಆಮೇಲಿನದು. ಅದಕ್ಕೂ ಮೊದಲು ಮೂರ್ನಾಲ್ಕು ವಾರ ಇದ್ದವು, ಅವನ್ನು ಯಾರೂ ಕೇಳುವುದಿಲ್ಲ. ಆಗ ನನಗೆ ಯಾವ ನಂಬಿಕೆಯೂ ಇರಲಿಲ್ಲ. ಎಲ್ಲವೂ ಸ್ವಲ್ಪ ಜಾಸ್ತಿ ಇತ್ತು, ಅಷ್ಟೇ. ಗೋಡೆಯ ಸುಣ್ಣ ಜಾಸ್ತಿ ಬಿಳಿ. ಚಹಾ ಅಂಗಡಿಯವನು ಗ್ಲಾಸ್ ಇಟ್ಟ ಸದ್ದಿನಲ್ಲಿ ಏನೋ ಇದೆ. ಏನಿದೆ ಗೊತ್ತಿಲ್ಲ. ಏನೋ ನಡೆಯಲಿದೆ, ಎಲ್ಲರಿಗೂ ಗೊತ್ತು, ನನಗೆ ಮಾತ್ರ ಹೇಳಿಲ್ಲ. ಆ ವಾರಗಳಷ್ಟು ಭಯ ನನಗೆ ಜೀವನದಲ್ಲಿ ಯಾವತ್ತೂ ಆಗಿಲ್ಲ.

ಆಮೇಲೆ ಒಂದು ದಿನ ಬಸ್ ಸ್ಟ್ಯಾಂಡಿನಲ್ಲಿ ಮೂರು ಗಾಡಿ ಸಾಲಾಗಿ ಹೋದವು. ಮೂರರ ನಂಬರೂ 7ರಲ್ಲಿ ಮುಗಿಯುತ್ತಿತ್ತು. ಟಕ್ ಅಂತ ಎಲ್ಲಾ ಕೂಡಿಕೊಂಡಿತು. ಓ, ನನ್ನನ್ನು ಹಿಂಬಾಲಿಸ್ತಿದ್ದಾರೆ! ನಂಬಿದರೆ ನಂಬಿ, ಆಗ ನನಗೆ ಸಮಾಧಾನ ಆಯಿತು. ಗೊತ್ತಿಲ್ಲದ ಭಯಕ್ಕಿಂತ ಗೊತ್ತಿರುವ ಶತ್ರು ವಾಸಿ. ಅದಕ್ಕೇ ಯಾರು ಎಷ್ಟು ವಾದ ಮಾಡಿದರೂ ನಾನು ಬಿಡಲಿಲ್ಲ. ಬಿಟ್ಟರೆ ಮತ್ತೆ ಆ ವಾರಗಳಿಗೆ ಹೋಗಬೇಕಲ್ಲ.

ಮೂರನೇ_ವರ್ಷದ_ಪಿಎಚ್‌ಡಿ | ಬುಧವಾರ, ರಾತ್ರಿ 10:20

ಬರೆದದ್ದಕ್ಕೆ ಕೈಮುಗಿದೆ. ನೀವು ಹೇಳಿದ ಆ ವಾರಗಳನ್ನು ಎರಡನೇ ಮಹಾಯುದ್ಧದ ಕಾಲದ ಜರ್ಮನ್ ಸೈನಿಕರಲ್ಲಿ ಗಮನಿಸಿದ ಮನೋವೈದ್ಯ ಕ್ಲಾಸ್ ಕೊನ್ರಾಡ್, 1958ರಲ್ಲಿ ಅದನ್ನು 'ಟ್ರೇಮಾ' ಅಂತ ಕರೆದರು. ನಾಟಕದವರ ಆಡುಮಾತು, ರಂಗಕ್ಕೆ ಹೋಗುವ ಮುಂಚಿನ ನಡುಕ. ನಂಬಿಕೆ ಟಕ್ ಅಂತ ಕೂಡಿಕೊಳ್ಳುವುದು ಅದರ ನಂತರದ ಘಟ್ಟ. ಸ್ಕ್ಯಾನರ್ ಇಲ್ಲದ ಕಾಲದಲ್ಲಿ ಬರೀ ಕೇಳಿ ಕೇಳಿ ಹಿಡಿದದ್ದು. ನಾವು ಮೂರು ಟೆಸ್ಲಾದಷ್ಟು ಬಲವಾದ ಸ್ಕ್ಯಾನರ್ ಅಯಸ್ಕಾಂತ ಇಟ್ಟುಕೊಂಡೂ ಆ ವಾರಗಳನ್ನು ಹಿಡಿಯೋದು ಕಷ್ಟ, ಯಾಕೆಂದರೆ ಆಗ ಯಾರೂ ಆಸ್ಪತ್ರೆಗೇ ಬಂದಿರುವುದಿಲ್ಲ.

ಮಾತ್ರೆ ತೆಗೆದುಕೊಂಡಾಗ ಹೇಗಾಯಿತು ಅಂತ ಹೇಳಬಹುದಾ?

ಆರು_ವರ್ಷ_ಆಯ್ತು | ಬುಧವಾರ, ರಾತ್ರಿ 10:58

ನಂಬಿಕೆ ಹೋಗಲಿಲ್ಲ ಮೊದಲು. ನಂಬರ್‌ಗಳು ಸುಮ್ಮನಾದವು. 7 ಕಂಡರೆ ಮೈ ಜುಂ ಅನ್ನುತ್ತಿದ್ದದ್ದು ನಿಂತಿತು. ಆದರೂ 'ಅವರು ಈಗ ಹುಷಾರಾಗಿದ್ದಾರೆ, ಗಾಡಿ ಬದಲಾಯಿಸಿದ್ದಾರೆ' ಅಂತ ಎರಡು ತಿಂಗಳು ಅಂದುಕೊಂಡೆ. ಆಮೇಲೆ ಒಂದಿನ ಅದರ ಬಗ್ಗೆ ಯೋಚನೆ ಮಾಡಿ ಎಷ್ಟೋ ದಿನ ಆಯ್ತಲ್ಲ ಅನ್ನಿಸಿತು. ಅಷ್ಟೇ. ಜ್ಞಾನೋದಯ ಏನೂ ಆಗಲಿಲ್ಲ. ತೂಕ 9 ಕೆಜಿ ಏರಿತು, ಅದರ ಜಗಳ ಡಾಕ್ಟರ್ ಜೊತೆ ಈಗಲೂ ನಡೆದಿದೆ.

ಅಕ್ಕ, ನೀರಿನ ವಿಷಯ ಅವನಿಗೆ ಈಗಲೇ ಹೇಳಬೇಡಿ. ಗೆದ್ದ ಹಾಗೆ ಹೇಳಬೇಡಿ. ನಮ್ಮಣ್ಣ ನನ್ನೆದುರು ಗಾಡಿ ಮಾಲೀಕರ ಹೆಸರು ತೆಗೆಸಿ ತೋರಿಸಿದ್ದ. ಅವನೂ ಅವರ ಕಡೆಯವನು ಅಂತ ಅವತ್ತೇ ತೀರ್ಮಾನ ಮಾಡಿದ್ದೆ. ಅವ್ವ ಮಾತ್ರ ವಾದ ಮಾಡಲಿಲ್ಲ, ಹೂಂ ಅಂತಲೂ ಅನ್ನಲಿಲ್ಲ. 'ಅಂಜಿಕೆ ಆಗಾಕತ್ತೈತೇನು?' ಅಂತ ಕೇಳಿ ಪಕ್ಕದಲ್ಲಿ ಕೂತು ಸೊಪ್ಪು ಸೋಸುತ್ತಿದ್ದಳು.

ನಿರ್ವಾಹಕ | ಗುರುವಾರ, ಬೆಳಿಗ್ಗೆ 8:00

ಓದುವ ಇತರರಿಗಾಗಿ: ಯಾರಿಗಾದರೂ ತಕ್ಷಣ ಮಾತಾಡಬೇಕಿದ್ದರೆ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್ ಸಂಖ್ಯೆ 14416. ಹಗಲು ರಾತ್ರಿ, ಉಚಿತ, ಕನ್ನಡದಲ್ಲೂ ಮಾತಾಡುತ್ತಾರೆ. ಮಾತ್ರೆಯ ಪ್ರಮಾಣದ ಚರ್ಚೆ ಇಲ್ಲಿ ಬೇಡ.

ಸುಮ್ನೆ_ಓದುಗ | ಗುರುವಾರ, ಬೆಳಿಗ್ಗೆ 8:45

ನಾನು ಬಿರುಸಾಗಿ ಬರೆದಿದ್ದೆ. ಸ್ಟಡಿಗೆ ಹೋಗುವುದಾದರೆ ಹೋಗಲಿ, ಅಕ್ಕ. ದುಡ್ಡು ಕೇಳಿದರೆ ಮಾತ್ರ ಎದ್ದು ಬನ್ನಿ.

ಸ್ಕ್ಯಾನ್_ರೂಮಿನವ | ಗುರುವಾರ, ಮಧ್ಯಾಹ್ನ 1:30

ಸರಿಯಾಗಿ ಹೇಳಿದಿರಿ. ಸಂಶೋಧನೆಯ ಸ್ಕ್ಯಾನ್‌ಗೆ ರೋಗಿಯಿಂದ ದುಡ್ಡು ತೆಗೆದುಕೊಳ್ಳುವಂತಿಲ್ಲ. ಮತ್ತೆ ಒಪ್ಪಿಗೆ ಪತ್ರವನ್ನು ತಮ್ಮನೇ ಓದಲಿ, ಅವನೇ ಪ್ರಶ್ನೆ ಕೇಳಲಿ. ಅವನು ಬೇಡ ಅಂದರೆ ಬೇಡ. ಅದರಿಂದ ಚಿಕಿತ್ಸೆ ಏನೂ ನಿಲ್ಲುವುದಿಲ್ಲ.

ದಾವಣಗೆರೆ_ಅಕ್ಕ | ಐದು ವಾರದ ನಂತರ, ಭಾನುವಾರ, ರಾತ್ರಿ 9:47

ಉತ್ತರ ಬರೆಯೋಕೆ ತಡ ಆಯ್ತು.

ಅಪ್ಪನಿಗೆ ಸ್ಕ್ಯಾನ್ ಅಣ್ಣನ ಮೊದಲ ಉತ್ತರ ಪೂರ್ತಿ ಓದಿ ಹೇಳಿದೆ. ಏನೂ ಮಾತಾಡಲಿಲ್ಲ. ಮಾರನೇ ದಿನ ಮಾತ್ರೆ ತರಲು ತಾವೇ ಹೋದರು. ನಾಟಕ ಅನ್ನುವ ಮಾತು ಆಮೇಲೆ ಕೇಳಿಲ್ಲ.

ತಮ್ಮ ಸ್ಟಡಿಗೆ ಒಪ್ಪಿದ. ಪತ್ರ ಎರಡು ಸಲ ಓದಿ ಒಂದೇ ಪ್ರಶ್ನೆ ಕೇಳಿದ: 'ಇದು ನನ್ನ ಯೋಚನೆ ಓದುತ್ತಾ?' ಆ ಹುಡುಗಿ ನಗಲಿಲ್ಲ. 'ಇಲ್ಲ, ರಕ್ತ ಎಲ್ಲಿ ಹೋಗ್ತಿದೆ ಅಂತ ಮಾತ್ರ. ಅದೂ ಐದಾರು ಸೆಕೆಂಡ್ ತಡವಾಗಿ' ಅಂದಳು. ತಡವಾಗಿ ಅಂದದ್ದು ಅವನಿಗೆ ಹಿಡಿಸಿತು ಅಂತ ಕಾಣುತ್ತೆ. ತಾಯತ ಬಿಚ್ಚಿ ನನ್ನ ಕೈಗೆ ಕೊಟ್ಟ. ಹೊರಗೆ ಬಂದು 'ನಮ್ಮ ಪಕ್ಕದ ಮನೆ ಮೋಟಾರ್‌ಗಿಂತ ಇದರದ್ದೇ ಸದ್ದು ಜಾಸ್ತಿ' ಅಂದ. ಅಲುಗಿದನೋ ಇಲ್ಲವೋ ಗೊತ್ತಿಲ್ಲ. ರಿಸಲ್ಟ್ ನಮಗೆ ಹೇಳಲ್ಲವಂತೆ, ಗುಂಪಿನ ಲೆಕ್ಕಕ್ಕೆ ಹೋಗುತ್ತೆ. ಅಡಿಕೆ ನೆನಪಾಯಿತು.

ನೀರಿನ ವಿಷಯ ನಾನು ಹೇಳಿಲ್ಲ. ನಾಲಿಗೆ ತುದಿಗೆ ಬಂದದ್ದನ್ನು ಹತ್ತು ಸಲ ನುಂಗಿದ್ದೇನೆ. ಈ ಗುರುವಾರ ನಮ್ಮ ರಸ್ತೆಯ ತುದಿಯಲ್ಲಿ ಪೈಪ್ ಒಡೆದು ನೀರು ಬರಲಿಲ್ಲ. ಅಮ್ಮ ಎಂಟಕ್ಕೇ ಬಡಿಸಿದರು. ಅವನು ತಟ್ಟೆ ಪಕ್ಕ ನೋಟ್‌ಬುಕ್ ಇಟ್ಟುಕೊಂಡು ಕೂತ. ಊಟ ಮುಗಿಯಿತು. ಮೋಟಾರ್ ಸದ್ದಿಲ್ಲ. ಒಂಬತ್ತಾಯಿತು. ಪೆನ್ನಿನ ಮುಚ್ಚಳ ತೆಗೆದು ಹಾಕಿ, ತೆಗೆದು ಹಾಕಿ ಮಾಡುತ್ತಿದ್ದ. ಆಮೇಲೆ ಅಡುಗೆಮನೆಗೆ ಬಂದು ಡ್ರಮ್ಮಿನೊಳಗೆ ಬಗ್ಗಿ ನೋಡಿದ.

'ಇವತ್ತು ನೀರು ಬಿಟ್ಟಿಲ್ವಾ ಅಕ್ಕ?'

ಇಲ್ಲ ಅಂದೆ. ಅಷ್ಟೇ ಅಂದೆ. ಅವನು ಸ್ವಲ್ಪ ಹೊತ್ತು ನಿಂತು ಒಳಗೆ ಹೋದ. ಅವತ್ತಿನ ಸಾಲಿನಲ್ಲಿ ಏನು ಬರೆದ ಅಂತ ನಾನು ನೋಡಿಲ್ಲ. ಕಿಟಕಿ ಇನ್ನೂ ಮುಚ್ಚಿಯೇ ಇದೆ. ಪೈಪ್ ರಿಪೇರಿ ಮುಗಿದಿಲ್ಲ, ನಾಳೆ ಟ್ಯಾಂಕರ್‌ಗೆ ಹೇಳಬೇಕು.